ಗೋಡೆಗೆ ಮುಖ ಮಾಡಿದ ಮೂವತ್ತು ದಿನ

ನಮ್ಮ ಕಟ್ಟಡದಲ್ಲಿ ಸಂಜೆ ಆರೂವರೆ ಎಂದರೆ ನಾನೂ ನನ್ನ ಗಂಡನೂ ಜಗಳವಾಡುವ ಹೊತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳುತ್ತಿದ್ದೇನೆ. ಇವರು ಸಿಟಿ ಬಸ್ಸಿನ ಡ್ರೈವರ್. ಆರೂ ಇಪ್ಪತ್ತಕ್ಕೆ ಮೆಟ್ಟಿಲು ಹತ್ತಿ ಬಂದು, ಬೂಟು ಬಿಚ್ಚಿ, ಆ ದಿನ ತಮ್ಮ ಬಸ್ಸಿಗೆ ಅಡ್ಡ ಬಂದವರ ಪಟ್ಟಿಯನ್ನು ಗಟ್ಟಿಯಾಗಿ ಒಪ್ಪಿಸುತ್ತಾರೆ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ದಿನವಿಡೀ ಪಿಸುಗುಟ್ಟಿ ಬಂದಿರುತ್ತೇನೆ. ಆದ್ದರಿಂದ ಅಷ್ಟೇ ಗಟ್ಟಿಯಾಗಿ ಅಡ್ಡ ಬಂದವರ ಪರ ವಹಿಸುತ್ತೇನೆ.

"ಫೋನ್ ಕಿವಿಗಿಟ್ಕೊಂಡು ನಡು ರಸ್ತೇಲಿ ನಿಂತಿದಾನೆ, ಅವರಪ್ಪನ ಮನೆ ಜಗಲಿ ಅನ್ನೋ ಹಾಗೆ."

"ಏನು ಸುದ್ದಿ ಬಂದಿತ್ತೋ ಪಾಪ. ಕೇಳಿದ್ರಾ?"

"ಬಸ್ ನಿಲ್ಲಿಸಿ ಅವನ ಯೋಗಕ್ಷೇಮ ವಿಚಾರಿಸ್ಬೇಕಿತ್ತಾ ನಾನು?"

"ಹೇಗೂ ನಿಲ್ಲಿಸಿದ್ರಲ್ಲ. ಒಂದು ಮಾತು ಕೇಳಿದ್ರೆ ಏನು ಸವೀತಿತ್ತು?"

ಹೀಗೆ ಅರ್ಧ ಗಂಟೆ. ನಮ್ಮ ಗೋಡೆಗಳು ತೆಳು. ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್, ಇಡೀ ಕಟ್ಟಡ ಅವರನ್ನು ಮೇಡಂ ಎನ್ನುತ್ತದೆ, ನಮ್ಮ ಜಗಳ ಶುರುವಾದೊಡನೆ ತಮ್ಮ ಸಂಜೆಯ ಮಾತ್ರೆ ನುಂಗುತ್ತಾರೆ. ಕೆಳಗಿನ ಅಂಗಡಿಯ ಟೈಲರ್ ನಮ್ಮ ಜಗಳ ಮುಗಿದೊಡನೆ ಶಟರ್ ಎಳೆಯುತ್ತಾರೆ. ಒಟ್ಟಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಟ್ಟಡ ನಮ್ಮನ್ನು ನೆಚ್ಚಿಕೊಂಡು ನಡೆದಿತ್ತು.

ಇದಕ್ಕೆ ಕಲ್ಲು ಹಾಕಿದವರು ಬಸ್ ಕಂಪನಿಯ ಡಾಕ್ಟರು.

ಡ್ರೈವರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಇರುತ್ತದೆ. ನಾನೂ ಜೊತೆಗೆ ಹೋಗಿದ್ದೆ, ಏಕೆಂದರೆ ಇವರು ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಮನೆಗೆ ತರುತ್ತಾರೆ, ಅದೂ ತಮಗೆ ಹಿಡಿಸಿದ ಅರ್ಧ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಬಿಟ್ಟು, ಮತ್ತೊಮ್ಮೆ ಒತ್ತಿ, ಕನ್ನಡಕ ಮೇಲೇರಿಸಿದರು.

"ನೂರ ಅರವತ್ತಾರು. ಕೆಳಗಿಂದು ನೂರ ಎರಡು."

"ಒಳ್ಳೇದಾ ಸಾರ್?"

"ಗಾಡಿ ವೇಗ ಆಗಿದ್ರೆ ಇಷ್ಟು ಹೊತ್ತಿಗೆ ಪೊಲೀಸರು ಹಿಡಿದಿರೋರು."

ಇವರು ನನ್ನ ಕಡೆ ನೋಡಿದರು, ನಾನು ಹಾಕಿಸಿದ ಗಾಳಿ ಎಂಬಂತೆ.

"ಮೂವತ್ತು ದಿನ ಕೊಡ್ತೀನಿ," ಎಂದರು ಡಾಕ್ಟರು. "ಉಪ್ಪು ಕಮ್ಮಿ ಮಾಡಿ. ದಿನಾ ಇಪ್ಪತ್ತು ನಿಮಿಷ ಒಂದು ಕಡೆ ಸುಮ್ನೆ ಕೂತ್ಕೊಳ್ಳಿ. ಉಸಿರು ಬರುತ್ತೆ, ಹೋಗುತ್ತೆ, ಅದನ್ನ ಗಮನಿಸಿ."

"ಗಮನಿಸಿ ಏನ್ಮಾಡ್ಬೇಕು?"

"ಏನೂ ಮಾಡ್ಬಾರ್ದು."

"ಏನೂ ಮಾಡ್ದೇ ಇರೋಕೆ ಇಪ್ಪತ್ತು ನಿಮಿಷ ಬೇಕಾ ಸಾರ್? ಐದು ನಿಮಿಷದಲ್ಲಿ ಮುಗಿಸ್ಬಹುದಲ್ವಾ?"

ಡಾಕ್ಟರು ಒಂದು ರೆಕಾರ್ಡಿಂಗನ್ನು ಇವರ ಫೋನಿಗೆ ಕಳಿಸಿದರು. ಮೂವತ್ತನೇ ದಿನ ಬಂದು ಅಳೆಸಿಕೊಳ್ಳಬೇಕು. ನಡುವೆ ಎಲ್ಲೂ ಅಳೆಸಬಾರದು, ಅಳೆದು ಅಳೆದೇ ಜನ ಏರಿಸಿಕೊಳ್ಳುತ್ತಾರೆ. ಮೇಲಿನದು ನೂರ ನಲವತ್ತರ ಕೆಳಗಿಳಿದಿದ್ದರೆ ಫಿಟ್‌ನೆಸ್ ಪತ್ರಕ್ಕೆ ಸಹಿ. ಇಲ್ಲವಾದರೆ ಬಸ್ಸಿನಿಂದ ಇಳಿಸಿ, ಡಿಪೋದಲ್ಲಿ ಪ್ರಯಾಣಿಕರು ಮರೆತು ಹೋದ ಸಾಮಾನಿನ ಕೋಣೆಗೆ ಹಾಕುತ್ತಾರೆ.

ಆ ಕೋಣೆಯನ್ನು ಇವರು ಒಮ್ಮೆ ನೋಡಿದ್ದರು. ಗೋಡೆಯುದ್ದಕ್ಕೂ ಛತ್ರಿಗಳು, ಒಂಟಿ ಚಪ್ಪಲಿಗಳು, ಒಂದು ಹಲ್ಲಿನ ಸೆಟ್ಟು, ಮತ್ತು ಹಿಂದೆ ಡ್ರೈವರ್ ಆಗಿದ್ದ ಒಬ್ಬ ಮನುಷ್ಯ. ಆತ ಛತ್ರಿಗಳ ಜೊತೆ ಮಾತಾಡಲು ಶುರು ಮಾಡಿದ್ದನಂತೆ. ಇವರು ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಮುಂದಿದ್ದ ಡ್ರೈವರಿನ ಕೈಗಳನ್ನೇ ನೋಡುತ್ತಿದ್ದರು. ಅವನು ಗೇರು ತಪ್ಪಿ ಹಾಕಿದಾಗಲೂ ಏನೂ ಅನ್ನಲಿಲ್ಲ. ಆಗ ನನಗೆ ವಿಷಯ ಎಷ್ಟು ಗಂಭೀರ ಎಂದು ಗೊತ್ತಾಯಿತು.

"ಯಾರಿಗೂ ಹೇಳ್ಬೇಡ," ಎಂದರು ಇಳಿಯುವಾಗ. "ಕುಕ್ಕರ್ ಗತಿ ನೆನಪಿದೆಯಲ್ಲ?"

ಕುಕ್ಕರ್ ಎಂದರೆ ಇವರ ಹಿರಿಯ ಸಹೋದ್ಯೋಗಿ. ರಕ್ತದೊತ್ತಡ ಇದೆ ಎಂಬುದು ಡಿಪೋದಲ್ಲಿ ತಿಳಿದ ದಿನದಿಂದ ನಿವೃತ್ತಿಯ ದಿನದವರೆಗೆ ಎಲ್ಲರೂ ಅವರನ್ನು ಬೆಳಿಗ್ಗೆ ಕೇಳುತ್ತಿದ್ದದ್ದು ಒಂದೇ: ಇವತ್ತು ಎಷ್ಟು ವಿಷಲ್ ಆಯ್ತು? ನಮ್ಮ ಟೈಲರಿನ ಭಾವಮೈದುನ ಡಿಪೋದಲ್ಲಿ ಮೆಕ್ಯಾನಿಕ್ಕು. ಕಟ್ಟಡಕ್ಕೆ ತಿಳಿದದ್ದು ಡಿಪೋಗೆ ತಿಳಿಯಲು ಮರುದಿನ ಬೆಳಗಾದರೆ ಸಾಕು. ನಾನು ಮಾತು ಕೊಟ್ಟೆ.

ಮರುದಿನ ಆರೂವರೆಗೆ ಇವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಕಿಟಕಿಯ ಕಡೆ ಕೂತರೆ ರಸ್ತೆ ಕಾಣುತ್ತದೆ, ರಸ್ತೆ ಕಂಡರೆ ತಪ್ಪಾಗಿ ನಿಲ್ಲಿಸಿದ ಗಾಡಿಗಳು ಕಾಣುತ್ತವೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮಂಡಿಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಕೂತರು. ರೆಕಾರ್ಡಿನಲ್ಲಿ ಒಬ್ಬ ಹೆಂಗಸು, ಇಡೀ ಊರೇ ಮಲಗಿದೆ ಎಂಬಂತೆ ಮಾತಾಡುತ್ತಾಳೆ. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಇವರ ಬೆನ್ನನ್ನು ಗಮನಿಸಿದೆ. ಉಸಿರನ್ನು ಗಮನಿಸುವ ಕೆಲಸ ಇವರೊಬ್ಬರಿಗೇ ಬಿಡುವುದು ನನಗೆ ಸರಿಯೆನಿಸಲಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ಇವರು ಜೇಬಿನಿಂದ ಒಂದು ಹಳೆಯ ಟ್ರಿಪ್ ಶೀಟ್ ತೆಗೆದು ಬರೆದರು. ಹೊರಟಿದ್ದು ಆರೂವರೆ, ತಲುಪಿದ್ದು ಆರೂ ಐವತ್ತು, ಒಟ್ಟು ಉಸಿರು ಮುನ್ನೂರ ಹದಿನಾಲ್ಕು, ದಾರಿಯಲ್ಲಿ ಬ್ರೇಕ್ ಹಾಕಿದ್ದು ಒಂಬತ್ತು ಸಲ. ಬ್ರೇಕು ನಾನೂ ನೋಡಿದ್ದೆ. ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಆ ಹೆಂಗಸಿಗೆ ರೂಟೇ ಗೊತ್ತಿಲ್ಲ," ಎಂದರು. "ಯೋಚನೆ ಬಂದ್ರೆ ಬರ್ಲಿ ಬಿಡಿ, ತಾನಾಗೇ ಹೋಗುತ್ತೆ ಅಂತಾಳೆ. ಎಲ್ಲಿ ಹೋಗುತ್ತೆ? ಹತ್ತಿದ್ದು ಹತ್ತಿದ್ದೇ, ಒಂದೂ ಇಳೀಲಿಲ್ಲ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಜಗಳವಾದರೆ ಏರುತ್ತದೆ. ನುಂಗಿಕೊಂಡೆ. ಇವರೂ ಏನನ್ನೋ ನುಂಗಿಕೊಂಡರು. ಊಟ ಮುಗಿಯುವವರೆಗೆ ನಾವು ಒಬ್ಬರಿಗೊಬ್ಬರು ನೀರು ಕೊಡುವುದರಲ್ಲೇ ಕಳೆದೆವು.

ಮೂರನೆಯ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಇವರು ಏಳನೇ ನಿಮಿಷದಲ್ಲಿದ್ದರು. ನಾನು ತುದಿಗಾಲಲ್ಲಿ ಓಡಿ ಬಾಗಿಲನ್ನು ಒಂದು ಗೇಣು ತೆರೆದೆ. ಮೇಡಂ ನಿಂತಿದ್ದರು, ಕೈಯಲ್ಲಿ ಮಾತ್ರೆಯ ಹಾಳೆ.

"ಏನಮ್ಮಾ, ಎರಡು ದಿನದಿಂದ ನಿಮ್ಮ ಮನೇಲಿ ಸದ್ದಿಲ್ಲ. ನಾನು ಮಾತ್ರೆ ತಗೊಳ್ಳೋದೇ ಮರೆತೆ. ಹುಷಾರಾಗಿದೀರಾ?"

"ಇದೀವಿ ಮೇಡಂ," ಎಂದು ಪಿಸುಗುಟ್ಟಿದೆ.

"ಮತ್ತೆ ಯಾಕೆ ಹೀಗೆ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ನಿಜ ಹೇಳುವಂತಿಲ್ಲ. ಆದ್ದರಿಂದ ಪದಗಳನ್ನು ಆಯ್ದು ಆಯ್ದು ಇಟ್ಟೆ. "ಸಂಜೆ ಹೊತ್ತು ಮಾತು ಬೇಡ ಅಂತ ತೀರ್ಮಾನ ಆಗಿದೆ."

"ಯಾರು ತೀರ್ಮಾನ ಮಾಡಿದ್ದು?"

"ಇಬ್ಬರೂ ಒಪ್ಪಿದೀವಿ."

"ಎಷ್ಟು ದಿನ?"

"ಮೂವತ್ತು ದಿನ. ಆಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ನೋಡ್ಬೇಕು."

ಈ ನಾಲ್ಕು ಮಾತುಗಳಲ್ಲಿ ಒಂದೂ ಸುಳ್ಳಲ್ಲ ಎಂದು ನಾನು ಈಗಲೂ ಸಾಧಿಸಬಲ್ಲೆ. ಮೇಡಂ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. ಮೂವತ್ತೈದು ವರ್ಷ ಮಕ್ಕಳನ್ನು ಗೋಡೆಗೆ ಮುಖ ಮಾಡಿಸಿದವರು ಅವರು. ಗೋಡೆಗೆ ಮುಖ ಮಾಡಿ ತಲೆ ತಗ್ಗಿಸಿದವನು ತಪ್ಪು ಮಾಡಿದವನು ಎಂಬುದರಲ್ಲಿ ಅವರಿಗೆ ಲವಲೇಶವೂ ಸಂಶಯವಿರಲಿಲ್ಲ.

"ನೀನು ಕೂರಿಸಿದ್ದಾ?" ಎಂದು ಅವರೂ ಪಿಸುಗುಟ್ಟಿದರು. ಧ್ವನಿಯಲ್ಲಿ ಸ್ವಲ್ಪ ಮೆಚ್ಚುಗೆ ಇತ್ತು.

"ಅವರೇ ಕೂತಿದಾರೆ."

"ಹಾಗಾದ್ರೆ ದೊಡ್ಡದೇ ಮಾಡಿದಾನೆ," ಎಂದು ಮೇಡಂ ನನ್ನ ಕೈಯನ್ನು ಒತ್ತಿ ಹೋದರು.

ಹತ್ತನೆಯ ದಿನದ ಹೊತ್ತಿಗೆ ಇವರು ಬ್ರೇಕನ್ನು ನಾಲ್ಕು ಸಲಕ್ಕೆ ಇಳಿಸಿದ್ದರು. ಹನ್ನೊಂದನೆಯ ದಿನ ಉಸಿರು ಎಷ್ಟು ನಿಧಾನವಾಯಿತೆಂದರೆ ನನಗೆ ಕಾಣಿಸಲೇ ಇಲ್ಲ. ಎದ್ದು ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದೆ.

"ಏನು?" ಎಂದರು ಕಣ್ಣು ಮುಚ್ಚಿಕೊಂಡೇ.

"ಏನಿಲ್ಲ. ಇದೀರಾ ಅಂತ ನೋಡಿದೆ."

"ಇದ್ದೆ. ಈಗ ಮೊದಲಿಂದ ಶುರು ಮಾಡ್ಬೇಕು."

ಅದೇ ವಾರ ಟೈಲರ್ ಇವರನ್ನು ಅಂಗಡಿಯ ಮುಂದೆ ತಡೆದರು. ಉಪ್ಪು ಬಿಟ್ಟು ಇವರು ತೆಳ್ಳಗಾಗಿದ್ದರು, ಯೂನಿಫಾರ್ಮಿನ ಪ್ಯಾಂಟು ಜಾರುತ್ತಿತ್ತು. ನಾನು ತರಕಾರಿ ಚೀಲ ಹಿಡಿದು ಎರಡು ಮೆಟ್ಟಿಲು ಮೇಲೆ ನಿಂತಿದ್ದೆ, ಆದ್ದರಿಂದ ಪೂರ್ತಿ ಕೇಳಿಸಿಕೊಂಡೆ. ಟೈಲರ್ ಟೇಪನ್ನು ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದರು:

"ಸರ್, ನನಗೆ ಎಲ್ಲ ಗೊತ್ತಾಗಿದೆ."

ಇವರ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ದು?"

"ಗೋಡೆ ಹೇಳ್ತವಲ್ಲ ಸರ್. ಹತ್ತು ಹನ್ನೆರಡು ದಿನದಿಂದ ಶಟರ್ ಯಾವಾಗ ಎಳೀಬೇಕು ಅಂತಾನೇ ತಿಳೀತಿಲ್ಲ ನನಗೆ. ನಿಮ್ಮ ವಯಸ್ಸಲ್ಲಿ ಎಲ್ಲರಿಗೂ ಆಗುತ್ತೆ. ನನಗೂ ಆಗಿತ್ತು."

"ನಿಮಗೂ?" ಎಂದರು ಇವರು, ಅರ್ಧ ಸಮಾಧಾನವಾಗಿ. "ಎಷ್ಟಿತ್ತು?"

"ಎರಡು ತಿಂಗಳು. ಆಮೇಲೆ ತಾನಾಗೇ ಇಳೀತು."

"ನನಗೆ ಮೂವತ್ತು ದಿನಾನೇ ಟೈಮು. ಅಷ್ಟರಲ್ಲಿ ಇಳೀಲಿಲ್ಲ ಅಂದ್ರೆ ಹತ್ತೊಂಬತ್ತು ವರ್ಷದ್ದು ಬಿಟ್ಕೊಡ್ಬೇಕು. ಬೇರೆ ಯಾರೋ ಬರ್ತಾನೆ ನನ್ನ ಜಾಗಕ್ಕೆ."

ಟೈಲರಿನ ಕೈಯಿಂದ ಟೇಪು ಜಾರಿತು. "ಬೇರೆಯವನು ಆಗಲೇ ಗೊತ್ತಾಗಿದಾನಾ?"

"ಲಿಸ್ಟಲ್ಲಿ ಮೂವರಿದಾರೆ."

ಟೈಲರ್ ತಲೆಯೆತ್ತಿ, ಮೆಟ್ಟಿಲ ಮೇಲೆ ಹೂಕೋಸು ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಅಂಥ ನೋಟವನ್ನು ನಾನು ನನ್ನ ನಲವತ್ತಾರು ವರ್ಷಗಳಲ್ಲಿ ಯಾರಿಂದಲೂ ಪಡೆದಿರಲಿಲ್ಲ. ಆ ಕ್ಷಣವೇ ಕೆಳಗಿಳಿದು ಹೋಗಿ ವಿವರಿಸಬೇಕಿತ್ತು. ಆದರೆ ವಿವರಿಸಬೇಕಾದರೆ ರಕ್ತದೊತ್ತಡ ಎಂಬ ಪದ ಬಾಯಿಂದ ಬರಬೇಕು, ಅದು ಬಂದರೆ ಭಾವಮೈದುನನಿಗೆ ಹೋಗಬೇಕು, ಅಲ್ಲಿಂದ ಇವರು ಕುಕ್ಕರ್ ನಂಬರ್ ಎರಡು. ನನ್ನ ಮಾನ, ಇವರ ಮಾನ ಎರಡನ್ನೂ ತೂಗಿ ನೋಡಿ, ಮೇಲೆ ಹೋಗಿ ಹೂಕೋಸು ಹೆಚ್ಚಿದೆ.

ಇಪ್ಪತ್ತೆರಡನೆಯ ದಿನ ಇವರ ಅಕ್ಕ ಬಂದಿಳಿದರು. ಸೂಟ್‌ಕೇಸ್ ಎರಡು. ಮೇಡಂ ಫೋನ್ ಮಾಡಿ ಕರೆಸಿದ್ದರು. ಇವರ ಅಕ್ಕನ ಬಗ್ಗೆ ನಾನು ಒಂದೇ ಒಂದು ಕೆಟ್ಟ ಮಾತು ಹೇಳಲಾರೆ. ಅವರ ಹೊಟ್ಟೆಯಲ್ಲಿ ಒಂದು ಮಾತು ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದನ್ನು ಗುಣವೆಂದೇ ಎಣಿಸಬೇಕು. ಆದರೆ ಅವರಿಗೆ ಗುಟ್ಟು ಹೇಳುವುದೂ ಡಿಪೋದ ಗೇಟಿಗೆ ಬೋರ್ಡು ಹಾಕುವುದೂ ಒಂದೇ.

ಆರೂವರೆಗೆ ಇವರು ಕುರ್ಚಿ ತಿರುಗಿಸಿದರು. ಅಕ್ಕ ಇನ್ನೊಂದು ಕುರ್ಚಿ ತಂದು, ಗೋಡೆಗೂ ಇವರ ಮೂಗಿಗೂ ನಡುವೆ ಹಾಕಿಕೊಂಡು ಕೂತರು.

"ನನ್ನ ಮುಖ ನೋಡೋ. ಏನು ಮಾಡಿದೆ ಹೇಳು."

"ಏನೂ ಮಾಡ್ತಿಲ್ಲ ಅಕ್ಕಾ. ಏನೂ ಮಾಡ್ಬಾರ್ದು ಅಂತಾನೇ ಕೂತಿದೀನಿ."

"ಮಾಡೋದೆಲ್ಲ ಮಾಡಿ ಮುಗಿಸಿ ಈಗ ಕೂತ್ರೆ ಏನು ಬಂತು?"

ಇವರು ಎದ್ದು ಬಚ್ಚಲಿಗೆ ಹೋಗಿ, ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಬಾಗಿಲು ಹಾಕಿಕೊಂಡರು. ಒಳಗಿಂದ ದೀರ್ಘವಾಗಿ ಉಸಿರೆಳೆದು ಬಿಡುವ ಸದ್ದು ಬರತೊಡಗಿತು. ಅಕ್ಕ ಬಾಗಿಲಿಗೆ ಕಿವಿಯಿಟ್ಟು ಕೇಳಿದರು, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು.

"ಬಿಕ್ಕಿ ಬಿಕ್ಕಿ ಅಳ್ತಿದಾನೆ. ನಮ್ಮಪ್ಪ ಸತ್ತಾಗಲೂ ಹೀಗೆ ಅತ್ತವನಲ್ಲ. ನೋಡಮ್ಮಾ, ಅವನದು ಏನೇ ಇರ್ಲಿ, ನಿನ್ನದೂ ಏನೇ ಇರ್ಲಿ."

"ಅತ್ತಿಗೆ, ನನ್ನದು ಏನೂ ಇಲ್ಲ."

"ಟೈಲರ್ ಹೇಳಿದ್ರು, ಮೂವರಿದಾರಂತೆ."

ಇಪ್ಪತ್ತು ನಿಮಿಷ ಮುಗಿದು ಇವರು ಹೊರಬಂದಾಗ ಅಕ್ಕ ನಮ್ಮಿಬ್ಬರನ್ನೂ ಎದುರೆದುರು ಕೂರಿಸಿದರು. ಮೇಡಂ ಕೂಡ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತರು, ಪರೀಕ್ಷೆ ನಡೆಸುವವರ ಹಾಗೆ.

"ಮಾತಾಡಿ," ಎಂದರು ಅಕ್ಕ. "ನನ್ನೆದುರಿಗೆ, ಇಲ್ಲೇ, ಈಗಲೇ."

ನಾವು ಒಬ್ಬರನ್ನೊಬ್ಬರು ನೋಡಿದೆವು. ಇವರಿಗೆ ಆ ದಿನ ಅಡ್ಡ ಬಂದವರು ಏಳು ಜನ ಎಂದು ನನಗೆ ಇವರ ಕಣ್ಣಲ್ಲೇ ಕಾಣುತ್ತಿತ್ತು. ಆ ಏಳೂ ಜನರ ಪರವಾಗಿ ನನ್ನಲ್ಲಿ ವಾದ ಸಿದ್ಧವಿತ್ತು. ಆದರೆ ಇನ್ನು ಎಂಟೇ ದಿನ. ಇವರು ಗಂಟಲು ಸರಿಮಾಡಿಕೊಂಡರು.

"ಚೆನ್ನಾಗಿದೀಯಾ?"

"ಚೆನ್ನಾಗಿದೀನಿ. ನೀವು?"

"ಚೆನ್ನಾಗಿದೀನಿ. ಲೈಬ್ರರಿ ಹೇಗಿತ್ತು?"

"ಚೆನ್ನಾಗಿತ್ತು."

ಅಕ್ಕ ಗೊಳೋ ಎಂದು ಅತ್ತರು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರು ಇಷ್ಟು ಮರ್ಯಾದೆಯಿಂದ ಮಾತಾಡಿಕೊಂಡರೆ ಇನ್ನು ಉಳಿದದ್ದೇನು ಎಂದು ಮೇಡಂ ಕೇಳಿದರು.

ಅಲ್ಲಿಂದ ಮುಂದಿನ ಏಳು ಸಂಜೆ ಇವರು ಬಕೆಟ್ಟಿನ ಮೇಲೇ ಕಳೆದರು. ನಾನು ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅಕ್ಕನನ್ನು ತಡೆಯುತ್ತಿದ್ದೆ, ಜೊತೆಗೆ ಒಳಗಿನ ಉಸಿರು ಎಣಿಸುತ್ತಿದ್ದೆ. ರಾತ್ರಿ ನಿದ್ದೆಯಲ್ಲಿ ಇವರು ಹೇಗೆ ಉಸಿರಾಡುತ್ತಾರೆ ಎಂದೂ ನೋಡಬೇಕಿತ್ತು. ಯಾರಾದರೂ ನೋಡಲೇಬೇಕಲ್ಲ. ಟ್ರಿಪ್ ಶೀಟಿನ ಕೊನೆಯ ಸಾಲುಗಳು ಆಶಾದಾಯಕವಾಗಿದ್ದವು: ಉಸಿರು ನೂರ ಎಂಬತ್ತು, ಬ್ರೇಕು ಒಂದು.

ಮೂವತ್ತನೆಯ ದಿನ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿದರು. ನಾನು ಫೈಲನ್ನು ಕಂಕುಳಲ್ಲಿಟ್ಟುಕೊಂಡೆ. ದಾರಿಯಲ್ಲಿ ಒಂದು ಮಾತೂ ಆಡಬಾರದು, ಇಳಿದದ್ದು ಇಳಿದ ಹಾಗೇ ಡಾಕ್ಟರರವರೆಗೆ ತಲುಪಬೇಕು ಎಂದು ಮೊದಲೇ ಮಾತಾಗಿತ್ತು. ತುಂಬಿದ ಪಾತ್ರೆ ಹೊತ್ತವರಂತೆ ಮೆಟ್ಟಿಲಿಳಿದೆವು.

"ಎಲ್ಲಿಗೆ?" ಎಂದರು ಅಕ್ಕ ಮೇಲಿನಿಂದ.

"ಒಂದು ಸಹಿ ಆಗ್ಬೇಕು," ಎಂದೆ. ಇದೂ ನಿಜವೇ.

ಕಂಪನಿ ಡಾಕ್ಟರ ಕೋಣೆ ಇರುವುದು ಮಾರುಕಟ್ಟೆಯ ಪಕ್ಕದ ಮೂರಂತಸ್ತಿನ ಕಟ್ಟಡದಲ್ಲಿ. ಮೆಟ್ಟಿಲ ಬುಡದಲ್ಲಿ ಹಲವು ಬೋರ್ಡುಗಳಿವೆ. ಎಲ್ಲಕ್ಕಿಂತ ದೊಡ್ಡದು ಒಬ್ಬ ವಕೀಲರದು, ವಿವಾಹ ವ್ಯಾಜ್ಯಗಳನ್ನು ಶೀಘ್ರವಾಗಿ ಮುಗಿಸಿಕೊಡಲಾಗುವುದು ಎಂದು. ನಾವು ಆ ಬೋರ್ಡಿನ ಕೆಳಗೆ ಹಾದು ಮೆಟ್ಟಿಲು ಹತ್ತಿದ್ದನ್ನು ಹಿಂದಿನ ಬಸ್ಸಿನಿಂದ ಇಳಿದ ಮೂವರು ನೋಡಿದರೆಂದು ನನಗೆ ಆಮೇಲೆ ತಿಳಿಯಿತು.

ಡಾಕ್ಟರ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇವರು ಕಣ್ಣು ಮುಚ್ಚಿ, ಮಂಡಿಯ ಮೇಲೆ ಕೈಯಿಟ್ಟು, ಮೂವತ್ತು ದಿನದ ಅಭ್ಯಾಸವನ್ನೆಲ್ಲ ಒಟ್ಟುಗೂಡಿಸಿ ಕೂತರು. ಪಟ್ಟಿ ಉಬ್ಬಿತು, ಇಳಿಯಿತು.

"ನೂರ ಅರವತ್ತೆರಡು," ಎಂದರು ಡಾಕ್ಟರು.

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಇವರು ಕಣ್ಣು ತೆರೆಯಲಿಲ್ಲ, ಬಲಗಾಲು ಮಾತ್ರ ನೆಲವನ್ನು ಒತ್ತಿತು.

"ಐದು ನಿಮಿಷ ಸುಮ್ನೆ ಕೂತಿರಿ. ಇನ್ನೊಂದು ಸಲ ನೋಡೋಣ. ಆಮೇಲೆ ನನ್ನ ಕೈಯಲ್ಲಿಲ್ಲ." ಡಾಕ್ಟರು ಫಾರಮನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಎರಡನೆಯ ನಿಮಿಷದಲ್ಲಿ ಬಾಗಿಲು ಗೋಡೆಗೆ ಅಪ್ಪಳಿಸಿತು. ಮೊದಲು ಅಕ್ಕ, ಹಿಂದೆ ಮೇಡಂ, ಅವರ ಹಿಂದೆ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ ಟೈಲರ್. ಅವರು ಕೆಳಗಿನ ವಕೀಲರ ಕೋಣೆಗೆ ನುಗ್ಗಿ, ಅಲ್ಲಿ ಯಾರದೋ ವಿಚ್ಛೇದನವನ್ನು ಆಗಲೇ ಅರ್ಧ ತಡೆದು, ತಪ್ಪು ದಂಪತಿ ಎಂದು ತಿಳಿದ ಮೇಲೆ ಇಲ್ಲಿಗೆ ಬಂದಿದ್ದರು.

"ಸಹಿ ಹಾಕ್ಬೇಡಿ," ಎಂದು ಅಕ್ಕ ಡಾಕ್ಟರ ಕೈಯಿಂದ ಪೆನ್ನು ಕಿತ್ತುಕೊಂಡರು.

"ಯಾರಮ್ಮ ನೀವು?"

"ಹುಡುಗನ ಅಕ್ಕ." ಹುಡುಗನಿಗೆ ಐವತ್ತೊಂದು.

"ಸಾರ್, ಇಬ್ಬರದೂ ತಪ್ಪಿದೆ," ಎಂದರು ಮೇಡಂ. "ಮೂವತ್ತು ದಿನ ಗೋಡೆ ಕಡೆ ಕೂತಿದಾನೆ, ನಾನೇ ಸಾಕ್ಷಿ. ಯಾವ ಶಾಲೇಲೂ ಇಷ್ಟು ಶಿಕ್ಷೆ ಇಲ್ಲ."

"ಲಿಸ್ಟಲ್ಲಿರೋ ಮೂವರ ಹೆಸರು ನನಗೆ ಬೇಕು," ಎಂದರು ಟೈಲರ್. "ಒಬ್ಬೊಬ್ಬರ ಅಳತೇನೂ ತಗೋತೀನಿ."

"ಬಚ್ಚಲಲ್ಲಿ ಬಕೆಟ್ ಮೇಲೆ ಕೂತು ಅಳ್ತಾನೆ ಸಾರ್, ದಿನಾ ಇಪ್ಪತ್ತು ನಿಮಿಷ. ಗಡಿಯಾರ ನೋಡ್ಕೊಂಡು ಅಳ್ತಾನೆ," ಎಂದರು ಅಕ್ಕ.

"ನೀವು ಸ್ವಲ್ಪ ಸುಮ್ನಿರಿ, ನಾನು ಹೇಳ್ತೀನಿ," ಎಂದರು ಮೇಡಂ.

"ನೀವ್ಯಾಕೆ ಹೇಳ್ತೀರಾ, ತಮ್ಮ ಯಾರಿಗೆ?"

"ಶಟರ್ ಎಳೀಲಾರದೆ ಒದ್ದಾಡ್ತಿರೋನು ನಾನು."

ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ನಾಲ್ಕನೆಯವಳಾಗಿ, ಇದು ವಿಚ್ಛೇದನವಲ್ಲ, ರಕ್ತದೊತ್ತಡ, ಯಾರೂ ಡಿಪೋಗೆ ಹೇಳಬೇಡಿ ಎಂದು ಕೂಗುತ್ತಿದ್ದೆ. ಗ್ರಂಥಾಲಯದ ಕೆಲಸಕ್ಕೆ ಸೇರಿದ ಮೇಲೆ ಹೊರಗೆ ನಾನು ಕೂಗಿದ್ದು ಅದೇ ಮೊದಲು. ಡಾಕ್ಟರು ಏನು ಮಾಡುವುದೆಂದು ತಿಳಿಯದೆ, ಕೈಗೆ ಅಭ್ಯಾಸವಾದ ಕೆಲಸ ಮಾಡಿದರು: ಇವರ ತೋಳಿನ ಪಟ್ಟಿಗೆ ಗಾಳಿ ಒತ್ತಿದರು.

ಇವರು ಕಣ್ಣು ತೆರೆದಿದ್ದರು. ಅಕ್ಕನನ್ನು ನೋಡಿದರು, ಮೇಡಂರನ್ನು ನೋಡಿದರು, ಟೈಲರನ್ನು ನೋಡಿದರು. ಸಂಜೆ ಐದರ ಹೊತ್ತಿಗೆ ಮಾರುಕಟ್ಟೆಯ ಸ್ಟಾಪಿನಲ್ಲಿ ಬುಟ್ಟಿ, ಚೀಲ, ಮಕ್ಕಳು, ಚಿಲ್ಲರೆ ಜಗಳ ಎಲ್ಲ ಒಟ್ಟಿಗೆ ಹತ್ತುವಾಗ ಕನ್ನಡಿಯಲ್ಲಿ ಹೇಗೆ ನೋಡುತ್ತಾರೋ ಹಾಗೆ. ಹೆಗಲು ಇಳಿದಿತ್ತು. ಬಲಗಾಲು ನೆಲದ ಮೇಲೆ ಹಗುರವಾಗಿತ್ತು.

ಡಾಕ್ಟರು ಯಂತ್ರ ನೋಡಿದರು. ಮತ್ತೆ ಒತ್ತಿದರು. ಮತ್ತೆ ನೋಡಿದರು.

"ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ," ಎಂದರು. "ಇಲ್ಲ, ಬೇಡ. ಮಾತಾಡ್ತಾ ಇರಿ."

ಮಾತಾಡಿ ಎಂದು ಅಪ್ಪಣೆಯಾದೊಡನೆ ನಮ್ಮ ನಾಲ್ವರಿಗೂ ಮಾತು ನಿಂತುಹೋಯಿತು.

"ನೂರ ಮೂವತ್ತು. ಎರಡು ಸಲ," ಎಂದರು ಡಾಕ್ಟರು. "ಏನ್ರೀ ಮಾಡಿದ್ರಿ ಈಗ?"

"ಏನೂ ಮಾಡ್ಲಿಲ್ಲ ಸಾರ್," ಎಂದರು ಇವರು. "ಇವರೆಲ್ಲ ಹತ್ತಿದ್ರು. ನೋಡ್ತಾ ಕೂತೆ."

"ಹಾಗಾದ್ರೆ ಮೊದಲು ಯಾಕೆ ಅಷ್ಟು ಏರಿತ್ತು?"

ಇವರು ಸ್ವಲ್ಪ ಸಂಕೋಚಪಟ್ಟರು. "ಅಷ್ಟೊಂದು ನಿಶ್ಶಬ್ದ ಆದ್ರೆ ನನಗೆ ಎಂಜಿನ್ ಆಫ್ ಆಗೋಗಿದೆ ಅನ್ಸುತ್ತೆ ಸಾರ್. ಎಲ್ಲಿ ನಿಂತ್ವೋ, ಹಿಂದೆ ಯಾವ ಗಾಡಿ ಬರ್ತಿದೆಯೋ ಅಂತ. ಮೂವತ್ತು ದಿನಾನೂ ಹಾಗೇ ಅನ್ಸಿದೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಗಮನಿಸಿ ಅಂದೆ ನಾನು. ನಿಶ್ಶಬ್ದವಾಗಿರಿ ಅಂತ ಅಂದ್ನಾ? ಉಸಿರು ಹಿಡೀಲಿಲ್ಲ ಅಂದ್ರೆ ಸದ್ದನ್ನ ಗಮನಿಸ್ರಿ. ಬಂದಿದ್ದನ್ನ ಬಂದ ಹಾಗೆ ನೋಡೋದು, ಅಷ್ಟೇ ಅದು. ಈಗ ಮಾಡಿದ್ರಲ್ಲ, ಅದೇ." ಅಕ್ಕನ ಕಡೆ ಕೈ ಚಾಚಿದರು. "ಪೆನ್ನು ಕೊಡಿ ಅಮ್ಮಾ."

ಅಕ್ಕ ಪೆನ್ನನ್ನು ಕೊಡಲು ಇನ್ನೂ ಅನುಮಾನಿಸಿದರು. ಮೇಡಂ ಫಾರಮನ್ನು ತಲೆಯಿಂದ ಬುಡದವರೆಗೆ ಓದಿ, ಇದರಲ್ಲಿ ಗಂಡ ಹೆಂಡತಿ ವಿಷಯವೇನೂ ಇಲ್ಲ, ಎರಡು ಕಾಗುಣಿತದ ತಪ್ಪು ಮಾತ್ರ ಇವೆ ಎಂದು ತೀರ್ಪು ಕೊಟ್ಟ ಮೇಲೆ ಸಹಿಯಾಯಿತು. ಇವರು ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು, ಗಡಿಯಾರದಲ್ಲಿ ಹತ್ತಕ್ಕೂ ಎರಡಕ್ಕೂ ಮುಳ್ಳು ನಿಂತ ಹಾಗೆ, ಸ್ಟಿಯರಿಂಗ್ ಹಿಡಿಯುವ ರೀತಿಯಲ್ಲೇ.

"ಕುಕ್ಕರ್ ಅನ್ನೋ ಹಾಗಿಲ್ಲ," ಎಂದು ಟೈಲರಿಗೆ ಹೇಳಿದರು.

"ನೂರ ಮೂವತ್ತಕ್ಕೆ ಯಾರು ಅಂತಾರೆ ಸರ್," ಎಂದರು ಟೈಲರ್, ಕೊಂಚ ನಿರಾಶೆಯಿಂದ.

ನಾನು ಎದ್ದೆ. ಎದ್ದವಳು ಮೇಜು ಹಿಡಿದುಕೊಂಡೆ. ಡಾಕ್ಟರು ನನ್ನ ಮುಖವನ್ನು ನೋಡಿದರು.

"ನೀವು ಕೂತ್ಕೊಳ್ಳಿ. ಕೈ ಕೊಡಿ."

"ನಾನು ಬಸ್ ಓಡಿಸಲ್ಲ ಡಾಕ್ಟ್ರೇ."

"ಕೊಡಿ ಕೈ. ರಾತ್ರಿ ನಿದ್ದೆ ಮಾಡ್ತೀರಾ?"

"ಇವರ ಉಸಿರು ನೋಡ್ಬೇಕಲ್ಲ," ಎಂದೆ.

ಪಟ್ಟಿ ಬಿಗಿಯಿತು. ಗಾಳಿ ಇಳಿಯುವ ಸದ್ದನ್ನು ಐದೂ ಜನ ಕೇಳಿದರು.

"ನೂರ ಎಪ್ಪತ್ತೆಂಟು," ಎಂದರು ಡಾಕ್ಟರು.

"ಅದು ನಮ್ಮ ಮನೆ ಕಡೆಯಿಂದ ಬಂದಿದ್ದಲ್ಲ," ಎಂದರು ಅಕ್ಕ ತಕ್ಷಣ.

ಡಾಕ್ಟರು ಮಾತ್ರೆ ಬರೆದರು, ನಿದ್ದೆ ಬರೆದರು, ಉಪ್ಪು ಹೊಡೆದು ಹಾಕಿದರು. ದಿನಾ ಇಪ್ಪತ್ತು ನಿಮಿಷ, ಮೂವತ್ತು ದಿನ. ಬೇರೆಯವರ ಉಸಿರನ್ನಲ್ಲ, ತಮ್ಮದನ್ನು ಎಂದು ಎರಡು ಸಲ ಒತ್ತಿ ಹೇಳಿದರು. ಇವರು ಆ ಕಾಗದವನ್ನು ನನ್ನ ಕೈಗೆ ಕೊಡದೆ ತಾವೇ ಮಡಿಚಿ ಜೇಬಿಗಿಟ್ಟುಕೊಂಡರು. ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ಹಿಡಿದಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಇವರು ಡಾಕ್ಟರು ಹೇಳಿದ್ದನ್ನು ಪೂರ್ತಿಯಾಗಿ ಮನೆಗೆ ತಂದದ್ದು ಅದೇ ಮೊದಲ ಸಲ.

ಮರುದಿನ ಸಂಜೆ ನಾನು ಕುರ್ಚಿಯಲ್ಲಿ ಕೂತೆ. ಇವರೇ ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹೊರಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡು ನಿಂತರು. ರೆಕಾರ್ಡಿನ ಹೆಂಗಸು ಸಮುದ್ರದ ದಂಡೆಯಿಂದೆಲ್ಲೋ ಮಾತಾಡತೊಡಗಿದಳು. ಉಸಿರು ಬಂತು. ಉಸಿರು ಹೋಯಿತು. ಅದು ಸರಿಯಾಗಿ ಹೋಯಿತೇ ಎಂದು ನೋಡುವಷ್ಟರಲ್ಲಿ ಇನ್ನೊಂದು ಬಂತು.

ಹೊರಗೆ ಹೆಜ್ಜೆಗಳು. ಮೇಡಂ, ಅಕ್ಕ, ಟೈಲರ್. ಮೂವರಿಗೂ ನನ್ನ ಯೋಗಕ್ಷೇಮ ವಿಚಾರಿಸಬೇಕಿತ್ತು.

"ಒಂದೇ ನಿಮಿಷ ನೋಡಿ ಹೋಗ್ತೀವಿ," ಎಂದರು ಮೇಡಂ.

"ಒಳಗೆ ಜಾಗ ಇಲ್ಲ ಮೇಡಂ," ಎಂದರು ಇವರು, ಡ್ಯೂಟಿಯ ಗಂಭೀರ ಧ್ವನಿಯಲ್ಲಿ. "ಭರ್ತಿಯಾಗಿದೆ. ಹಿಂದಿನ ಗಾಡಿ ಖಾಲಿ ಬರ್ತಿದೆ, ಅದಕ್ಕೆ ಹತ್ತಿ."

"ಯಾವ ಗಾಡಿನೋ?" ಎಂದರು ಅಕ್ಕ.

"ಆರೂ ಐವತ್ತರದು. ಮೆಟ್ಟಿಲ ಮೇಲೆ ನಿಲ್ಬೇಡ ಅಕ್ಕಾ, ಒಳಗೂ ಹೋಗ್ಬೇಡ, ಸೈಡಿಗೆ ಬಾ."

ನನಗೆ ಹೊಟ್ಟೆಯ ಆಳದಿಂದ ನಗು ಬರತೊಡಗಿತು. ಕೋಪ ಬಂದರೆ ಏನು ಮಾಡಬೇಕು, ಚಿಂತೆ ಬಂದರೆ ಏನು ಮಾಡಬೇಕು ಎಂದು ಆ ಹೆಂಗಸು ಹೇಳಿದ್ದಳು. ನಗು ಬಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ನಕ್ಕುಬಿಟ್ಟೆ, ಗೋಡೆಗಳು ತೆಳು ಎಂಬುದನ್ನು ಲೆಕ್ಕಿಸದೆ.